ಜೋಳದ ಕಾಂಟ್ರ್ಯಾಕ್ಟ್ ಹಿಡಿಯೋರಿಗೆ: ರೇಟಿಗಿಂತ ಮೊದಲ ಕಣಿಕಿ ಯಾರದು ಅಂತ ಕೇಳ್ರಿ

ಪಂಚಮಿ ಮುಗದು ಹದಿನೈದು ದಿನದಾಗ ನಮ್ಮ ಊರಿಗೆ ಮೂರು ಥರದ ಮಂದಿ ಜೋಳದ ಅಗ್ರಿಮೆಂಟ್ ಹಿಡ್ಕೊಂಡು ಬಂದು ಹೋದ್ರು. ಒಬ್ಬರು ರೈತರ ಕಂಪನಿ ಕಡಿಯವರು, ರೊಟ್ಟಿ ಮಾಡೋ ಘಟಕಕ್ಕ ಬಿಳಿಜೋಳ ಬೇಕು ಅಂದ್ರು. ಇನ್ನೊಬ್ಬ ಬೀಜದ ಆರ್ಗನೈಸರ್, ಅಂದ್ರ ಕಂಪನಿ ಸಲುವಾಗಿ ರೈತರ ಕಡಿಂದ ಬೀಜ ಬೆಳಸೋ ಮಧ್ಯಸ್ಥ, ಬೋರ್ ಇದ್ದೋರ ಮನಿಗೆ ಅಷ್ಟ ಹೋದ. ಮೂರನೇದವರು ಸೈಲೇಜ್ (ಹಸಿ ಮೇವು ಕತ್ತರಿಸಿ, ಗಾಳಿ ಆಡದಂಗ ಮುಚ್ಚಿ ಹುಳಿ ಬರಿಸಿ ಇಡೋದು) ಮಾಡೋರು, ಹಸಿ ಮೇವು ನಿಂತಲ್ಲೇ ಕೊಯ್ಕೊಂಡು ಹೋಗ್ತೀವಿ ಅಂದ್ರು. ಗುಡಿ ಕಟ್ಟಿ ಮ್ಯಾಲ ಕುಂತು ಎಲ್ಲಾರೂ ಕೇಳಿದ್ದು ಒಂದ ಪ್ರಶ್ನೆ, ಎಕರೆಕ್ಕ ಎಷ್ಟು ಕೊಡ್ತೀರಿ ಅಂತ. ಕೇಳಬೇಕಾದ್ದು ಹೌದು, ಸಾಲ ಇದ್ದೋರು ಕೇಳದ ಬಿಡಾಕ ಆಗೂದಿಲ್ಲ, ಆದ್ರ ಐದು ವರ್ಷ ಆದ ಮ್ಯಾಲ ಆ ಎರಿ (ಕಪ್ಪು ಮಣ್ಣಿನ) ಹೊಲ ಹೆಂಗಿರ್ತೈತಿ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ನಾ ಇದರಾಗ ಎರಡು ಥರದ್ದು ಸ್ವತಃ ಮಾಡೀನಿ, ಉಳದದ್ದನ್ನ ಬಾಜೂ ಹೊಲದಾಗ ನಿಂತು ನೋಡೀನಿ, ಅದಕ್ಕ ಈ ಸಲ ಆರಿಸಿಕೊಳ್ಳೋರಿಗೆ ಅನುಕೂಲ ಆಗಲಿ ಅಂತ ಬರೀತೀನಿ.

ಮೊದಲ ಹೋಲಿಸೋ ಅಳತಿ ಹೇಳ್ತೀನಿ. ನಾ ನೋಡೂದು ಮುಖ್ಯವಾಗಿ ಹೊಲ ಬಿಟ್ಟು ಏನೇನು ಹೊರಗ ಹೋಗ್ತೈತಿ ಅಂತ, ಕಾಳಷ್ಟ ಹೋಗ್ತೈತೋ, ಕಣಿಕಿನೂ (ತೆನಿ ತಗದ ಮ್ಯಾಲ ಉಳಿಯೋ ಜೋಳದ ದಂಟು) ಹೋಗ್ತೈತೋ. ಅದರ ಜೋಡಿ ನೀರು ಎಲ್ಲಿಂದ ಬರ್ತೈತಿ, ಬೀಜ ಗೊಬ್ಬರ ಎಣ್ಣಿ (ಹುಳ-ರೋಗಕ್ಕ ಹೊಡಿಯೋ ಔಷಧ) ಯಾರು ತೀರ್ಮಾನ ಮಾಡ್ತಾರ, ಮತ್ತ ಆ ಹೊಲದಾಗ ಈ ಬೆಳಿ ಬರೂಕ್ಕಿಂತ ಮೊದಲ ಏನಿತ್ತು. ಈ ಕೊನೇದನ್ನ ಮಂದಿ ಮರೀತಾರ. ಕಬ್ಬು ಕಿತ್ತು ಮೇವಿನ ಜೋಳ ಹಾಕಿದ್ರ ನೀರು ಉಳಿತೈತಿ, ಮಳಿ ಆಶ್ರಯದ ಬಿಳಿಜೋಳ ಬಿಟ್ಟು ಬೋರ್ ಹೊಡಸಿ ಅದ ಮೇವಿನ ಜೋಳ ಹಾಕಿದ್ರ ನೀರು ಹೋಗ್ತೈತಿ, ಬೆಳಿ ಒಂದ ಆದ್ರೂ ಲೆಕ್ಕ ಉಲ್ಟಾ.

ಹಿಂಗಾರಿ ಬಿಳಿಜೋಳ, ಕಾಳಿನ ಕಾಂಟ್ರ್ಯಾಕ್ಟ್

ನಮ್ಮ ವಿಜಯಪುರ, ಕಲಬುರಗಿ, ಬಾಗಲಕೋಟಿ ಎರಿ ಭೂಮಿಗೆ ಹುಟ್ಟಿದ ಬೆಳಿ ಇದು. ಉತ್ತರಿ ಮಳಿಗೋ ಹಸ್ತದಾಗೋ ಬಿತ್ತತೀವಿ, ಆಮ್ಯಾಲ ಮಳಿ ಬಂದ್ರೂ ಹೌದು ಬರಲಿಲ್ಲಂದ್ರೂ ಹೌದು, ನೆಲ ಕುಡದು ಇಟ್ಕೊಂಡ ನೀರಿನ ಮ್ಯಾಲ, ಚಳಿ ಮತ್ತ ಇಬ್ಬನಿ ಮ್ಯಾಲ ಬೆಳಿ ನಿಂತು ಫೆಬ್ರುವರಿಗೆ ಕೈಗೆ ಬರ್ತೈತಿ. ವರ್ಷಕ್ಕ 600 ಮಿ.ಮೀ. ಆಸುಪಾಸು ಮಳಿ ಬೀಳೋ ಸೀಮಿಯೊಳಗ, ಒಂದು ಹನಿ ಬೋರಿನ ನೀರು ಬೇಡದ ಮನಿಗೆ ಕಾಳು, ದನಕ್ಕ ಮೇವು ಎರಡೂ ಕೊಡೋ ಇನ್ನೊಂದು ಬೆಳಿ ನನಗಂತೂ ಗೊತ್ತಿಲ್ಲ.

ತಳಿ ಬಗ್ಗೆ ಒಂದು ಮಾತು. ನಾವು ಮಾಲದಂಡಿ ಅನ್ನೋ ಎಂ 35-1, 1930ರ ದಶಕದಾಗ ಸೊಲ್ಲಾಪುರ ಜಿಲ್ಲಾದ ಮೋಹೋಳದಾಗ ನಾಡ ಮಾಲದಂಡಿಯೊಳಗಿಂದ ಆರಿಸಿದ್ದು, ಇವತ್ತಿಗೂ ಹಿಂಗಾರಿಗೆ ಅದರ ಹಂತೇಕ ಬರೋ ರೊಟ್ಟಿ ರುಚಿ ಬ್ಯಾರೇದಕ್ಕ ಕಷ್ಟ. ಅಲ್ಲೇ ಬಾಜೂಕಿನ ಮಂಗಳವೇಢೆ ಜೋಳಕ್ಕ ಜಿಐ ಟ್ಯಾಗ್ (ಆ ಊರಿನ ಮಾಲು ಅನ್ನೋ ಸರ್ಕಾರಿ ಗುರ್ತು) ಸಿಕ್ಕೈತಿ, ಊರ ಹೆಸರಿನ ಮ್ಯಾಲ ಜೋಳ ಮಾರಬಹುದು ಅಂತ ಅವರು ತೋರಿಸ್ಯಾರ. ನಮ್ಮ ಕಡಿನೂ ಕಲಬುರಗಿ ರೊಟ್ಟಿ ಅಂತ ಹೆಸರು ಮಾಡಿ ಮಹಿಳಾ ಸಂಘದವರು ಮಾರಾಕ ಹತ್ಯಾರ. ಇಂಥಾ ಖರೀದಿದಾರರಿಗೆ ಮಾಲದಂಡಿನ ಬೇಕು, ಹಂಗಾಗಿ ತಳಿ ಬದಲಸ್ರಿ ಅಂತ ಒತ್ತಾಯ ಕಡಿಮಿ, ನಿಮ್ಮ ಮನಿ ಬೀಜಾನ ನಡಿತೈತಿ.

ಈಗ ಹೊರಗ ಹೋಗೋ ಲೆಕ್ಕ. ನಮ್ಮ ಹೊಲದಾಗ ಛಲೋ ವರ್ಷ ಎಕರೆಕ್ಕ 6 ಕ್ವಿಂಟಲ್ ಬರ್ತೈತಿ. ಜೋಳದ ಕಾಳಿನೊಳಗ ಪ್ರೋಟೀನ್ ನೂರಕ್ಕ 10ರಷ್ಟು, ಅದನ್ನ ಸಾರಜನಕಕ್ಕ ತಂದ್ರ 6 ಕ್ವಿಂಟಲ್ ಕಾಳಿನ ಜೋಡಿ ಹೊಲ ಬಿಟ್ಟು ಹೋಗೂದು 10 ಕೆ.ಜಿ. ಹತ್ರ, ಅಂದ್ರ ಒಂದು 45 ಕೆ.ಜಿ. ಯೂರಿಯಾ ಚೀಲದಾಗ ಇರೋದರ ಅರ್ಧದಷ್ಟು. ಪೊಟ್ಯಾಶ್ ಬಹುಪಾಲು ಕಣಿಕಿಯೊಳಗ ಉಳಿತೈತಿ. ಆ ಕಣಿಕಿ ನಿಮ್ಮ ಬಣವಿಗೆ ಬಂದು, ಎತ್ತು ಆಕಳು ತಿಂದು, ತಿಪ್ಪಿಗೆ ಬಿದ್ದು, ಬ್ಯಾಸಗ್ಯಾಗ ಚಕ್ಕಡಿ ಮ್ಯಾಲ ಅದ ಹೊಲಕ್ಕ ವಾಪಸ್ ಹೋದ್ರ ನೆಲ ಕಳಕೊಂಡಿದ್ದು ಭಾಳ ಕಡಿಮಿ. ಇದ ಕಾರಣಕ್ಕ ನಾ ಕಾಳಿನ ಕಾಂಟ್ರ್ಯಾಕ್ಟನ್ನ ಎಲ್ಲಾದಕ್ಕಿಂತ ಮ್ಯಾಲ ಇಡೂದು, ಆದ್ರ ಒಂದು ಶರತ್ತು, ಪೇಪರಿನ್ಯಾಗ ಕಣಿಕಿ ರೈತಂದು ಅಂತ ಬರದಿರಬೇಕು. ಕೆಲವರು ಉತ್ಪನ್ನ ಅಂತ ಬರೀತಾರ, ಉತ್ಪನ್ನ ಅಂದ್ರ ಕಾಳೋ ಕಣಿಕಿಯೋ ಸ್ಪಷ್ಟ ಇರೂದಿಲ್ಲ, ಮೇವಿನ ರೇಟ್ ಏರಿದ ಬರಗಾಲದ ವರ್ಷ ಅದರ ಮ್ಯಾಲ ಜಗಳ ಆಗ್ತೈತಿ.

ಈ ಒಪ್ಪಂದದಾಗೂ ಹುಳುಕು ಅದಾವ. ದೊಡ್ಡದು ಅಂದ್ರ ಒಂದ ಜಾತಿ ಹಾಕ್ರಿ, ಮಿಕ್ಸ್ ಆಗಬಾರದು ಅನ್ನೂದು. ನಮ್ಮ ಮಂದಿ ಜೋಳದ ನಡುವ ಕುಸುಬಿ ಅಕ್ಕಡಿ ಹಾಕ್ತಿದ್ರು, ಕಡ್ಲಿ ಹಾಕ್ತಿದ್ರು, ದಂಡಿಗೆ ಮುಳ್ಳಿನ ಕುಸುಬಿ ಸಾಲು ಇದ್ರ ದನ ಒಳಗ ಬರ್ತಿರಲಿಲ್ಲ, ಮನಿಗೆ ಎಣ್ಣಿನೂ ಆಗ್ತಿತ್ತು. ಖರೀದಿದಾರಗ ಬೇಕಾದ್ದು ಕಾಳಿನಾಗ ಕಲಬೆರಕಿ ಇರಬಾರದು ಅಂತ, ಅದಕ್ಕ ಅಕ್ಕಡಿನ ಬ್ಯಾಡ ಅನ್ನೂದು ಸರಿ ಅಲ್ಲ. ಕುಸುಬಿ ಜೋಳದ ಜೋಡಿ ಒಂದ ಕಣದಾಗ ಬಡಿಯೂದಿಲ್ಲ, ಬ್ಯಾರೆ ಕೊಯ್ತೀವಿ, ಬ್ಯಾರೆ ರಾಶಿ ಮಾಡ್ತೀವಿ. ಇದನ್ನ ಅವರಿಗೆ ಬಿಡಿಸಿ ಹೇಳಿದ್ರ ಒಪ್ತಾರ, ನಮ್ಮ ಕಡಿ ಬಂದೋರು ಒಪ್ಪಿ ಬರದು ಕೊಟ್ರು. ಪ್ರತಿ ವರ್ಷ ಜೋಳದ ಮ್ಯಾಲ ಜೋಳ ಹಾಕೂದಕ್ಕ ಮಾತ್ರ ಒಪ್ಪಬ್ಯಾಡ್ರಿ. ಒಂದು ವರ್ಷ ಜೋಳ ಮರುವರ್ಷ ಕಡ್ಲಿ, ಇಲ್ಲಾಂದ್ರ ಮುಂಗಾರಿಗೆ ಹೆಸರು ತಗದು ಹಿಂಗಾರಿಗೆ ಜೋಳ, ಹಿಂಗ ತಿರುಗಿಸೋ ಹಕ್ಕು ನಿಮ್ಮ ಕೈಯಾಗ ಇರ್ಲಿ. ಐದು ವರ್ಷದ ಒಪ್ಪಂದ ಆದ್ರ ಎಕರೆ ಲೆಕ್ಕದಾಗ ಸಹಿ ಮಾಡ್ರಿ, ಸರ್ವೆ ನಂಬರ್ ಲೆಕ್ಕದಾಗ ಬ್ಯಾಡ, ಅಂದ್ರ ಈ ವರ್ಷ ಮ್ಯಾಲಿನ ಹೊಲ, ಮುಂದಿನ ವರ್ಷ ಕೆಳಗಿನ ಹೊಲ ಕೊಡಬಹುದು.

ಇನ್ನೊಂದು, ಗೊಬ್ಬರದ ಕಿಟ್. ಮುಂಗಡದಾಗ ಯೂರಿಯಾ ಚೀಲ ಕೊಟ್ಟು ಆಮ್ಯಾಲ ಬಿಲ್ಲಿನಾಗ ಕಡ್ಕೊಳ್ಳೂದು. ಹಿಂಗಾರಿ ಜೋಳಕ್ಕ ಸಾರಜನಕ ಜಾಸ್ತಿ ಮಾಡಿ, ಸಾಲು ಒತ್ತು ಮಾಡಿ ಬಿತ್ತಿದ್ರ ಮೊದಲಿಗೆ ಹಸರ ಏರಿ ಖುಷಿ ಆಗ್ತೈತಿ, ಆದ್ರ ಕಾಳು ತುಂಬೋ ಹೊತ್ತಿಗೆ ನೆಲದಾಗ ತೇವ ಮುಗದು ಕಾಂಡ ಒಳಗ ಕರ್ರಗಾಗಿ ಗಿಡ ಅಡ್ಡ ಬೀಳ್ತೈತಿ, ಕಾಂಡ ಕೊಳಿ ರೋಗ ಅಂತಾರಲ್ಲ ಅದು. ನಾ ಒಂದು ವರ್ಷ ಕಿಟ್ ಕೊಟ್ಟಾರಲ್ಲ ಅಂತ ಎಲ್ಲಾ ಹಾಕಿ ಮುಕ್ಕಾಲು ಎಕರೆ ಮಲಗಿಸಿಕೊಂಡೀನಿ, ಆ ಗೊಬ್ಬರದ ರೊಕ್ಕ ಮಾತ್ರ ಪೂರ್ತಿ ಕಡ್ಕೊಂಡ್ರು. ಎಕರೆಕ್ಕ 3 ಕೆ.ಜಿ. ಬೀಜ, ಸಾಲಿಂದ ಸಾಲಿಗೆ ಒಂದೂವರಿ ಫೂಟು, ಗಿಡದ ನಡುವ ಅರ್ಧ ಫೂಟು, ಇದಕ್ಕಿಂತ ಒತ್ತು ಬ್ಯಾಡ. ಕಿಟ್ ಬದಲಿ ಅದ ರೊಕ್ಕ ಚೌಕಮಡಿ ಹಾಕಾಕ ಕೊಡ್ರಿ ಅಂತ ಕೇಳ್ರಿ. ಬಿಜಾಪುರ, ಸೊಲ್ಲಾಪುರ, ರಾಯಚೂರು, ಹಗರಿ, ಈ ಊರುಗಳಾಗ ಒಣಬೇಸಾಯದ ಸಂಶೋಧನೆ 1930ರ ದಶಕದಿಂದ ನಡದೈತಿ, ಅಷ್ಟು ವರ್ಷದ ಕೆಲಸದಾಗ ನಮಗ ಸಿಕ್ಕಿದ್ದರಾಗ ದೊಡ್ಡದು ಅಂದ್ರ ಬಿದ್ದ ನೀರನ್ನ ಬಿದ್ದಲ್ಲೇ ಇಂಗಿಸೂದು. ಆಷಾಢ ಶ್ರಾವಣದಾಗ ಹೊಲ ತುಂಬ ಸಣ್ಣ ಸಣ್ಣ ಮಡಿ ಮಾಡಿ ಬಿಟ್ರ ಮಳಿ ನೀರು ಮಣ್ಣು ಎರಡೂ ಹಳ್ಳಕ್ಕ ಹೋಗೂದಿಲ್ಲ. ಆಮ್ಯಾಲ ಎರಡು ಮೂರು ಸಲ ಎಡಿ ಹೊಡದ್ರ ನೆಲ ಬಿರುಕು ಬಿಡೂದು ತಡೀತೈತಿ, ತೇವ ಹಾರಿ ಹೋಗೂದಿಲ್ಲ. ಇದಕ್ಕ ರೊಕ್ಕ ಕೊಡೋ ಖರೀದಿದಾರ ಸಿಕ್ರ ಕ್ವಿಂಟಲ್‌ಗೆ ನೂರು ರೂಪಾಯಿ ಕಡಿಮಿ ಕೊಟ್ರೂ ನಾ ಅವನ ಕಡಿನ ಹೋಗ್ತೀನಿ.

ಮುಂಗಾರಿ ಹೈಬ್ರಿಡ್ ಕಾಳು

ಇದರ ಬಗ್ಗೆ ಹೆಚ್ಚು ಹೇಳೂದಿಲ್ಲ. ನಮ್ಮ ದೇಶದ ಮೊದಲನೇ ಜೋಳದ ಹೈಬ್ರಿಡ್ ಸಿಎಸ್‌ಎಚ್-1 ಬಂದಿದ್ದು 1964ರಾಗ, ಅವಾಗಿಂದ ಮುಂಗಾರಿಗೆ ಇಳುವರಿ ಏರೈತಿ. ಆದ್ರ ತೆನಿ ಬಲಿಯೋ ಹೊತ್ತಿಗೆ ಮಳಿ ಹಿಡದ್ರ ಕಾಳು ಬೂಸ್ಟು ಹತ್ತಿ ಕರ್ರಗಾಗ್ತೈತಿ, ಅದು ರೊಟ್ಟಿಗೆ ಬರೂದಿಲ್ಲ, ಕೋಳಿ ಆಹಾರಕ್ಕ, ಡಿಸ್ಟಿಲರಿಗೆ ಹೋಗ್ತೈತಿ. ಅವರ ಜೋಡಿನ ಕಾಂಟ್ರ್ಯಾಕ್ಟ್ ಇದ್ರ ಕರ್ರಗಾದ ಕಾಳನ್ನ ತಗೋತೀರಿ ಇಲ್ಲೋ ಅಂತ ಮೊದಲ ಬರಸ್ಕೊಳ್ರಿ. ಕಣಿಕಿ ಗಿಡ್ಡ, ದನ ಅಷ್ಟು ಪ್ರೀತಿಲೆ ತಿನ್ನೂದಿಲ್ಲ. ಬೀಜ ಪ್ರತಿ ವರ್ಷ ಕೊಳ್ಳಬೇಕು. ಮಧ್ಯಮ ಕಪ್ಪು ಭೂಮಿಯಾಗ ತೊಗರಿ ಸಾಲು ಹಾಕಾಕ ಬಿಟ್ರ ತಗೋಬಹುದು, ತೊಗರಿ ಎಲಿ ಉದುರಿ ನೆಲ ಉಸಿರಾಡ್ತೈತಿ. ತೊಗರಿ ಬ್ಯಾಡ ಅಂದ್ರ ನಾ ತಗೋಳೂದಿಲ್ಲ.

ಬೀಜೋತ್ಪಾದನೆ: ರೊಕ್ಕ ಹೆಚ್ಚು, ಹಗ್ಗ ಬಿಗಿ

ಎಕರೆಕ್ಕ ಕೈಗೆ ಬರೋ ಮೊತ್ತ ನೋಡಿದ್ರ ಇದ ಮುಂದ. ಆರ್ಗನೈಸರ್ ಹೆಣ್ಣು ಸಾಲಿನ ಬೀಜ ಗಂಡು ಸಾಲಿನ ಬೀಜ ಬ್ಯಾರೆ ಬ್ಯಾರೆ ಕೊಡ್ತಾನ, ನಾಲ್ಕು ಸಾಲು ಹೆಣ್ಣು ಎರಡು ಸಾಲು ಗಂಡು, ಸುತ್ತ ಗಂಡು ಸಾಲು. ಎರಡೂ ಒಂದ ಹೊತ್ತಿಗೆ ಹೂ ಬಿಡಬೇಕು, ಬಿಡಲಿಲ್ಲಂದ್ರ ತಡವಾದ ಸಾಲಿಗೆ ಯೂರಿಯಾ ಸಿಂಪಡಿಸಿ ನೀರು ಕೊಟ್ಟು ಎಬ್ಬಸಬೇಕು. ಅಂದ್ರ ನೀರು ಕೈಯಾಗ ಇರಲೇಬೇಕು, ಮಳಿ ನಂಬಿ ಮಾಡೋ ಕೆಲಸ ಅಲ್ಲ. ಹೆಣ್ಣು ಸಾಲಿನಾಗ ಸ್ವಂತ ಪರಾಗ ಇರೂದಿಲ್ಲ, ಪರಾಗ ಸರಿಯಾಗಿ ಬೀಳದ ಹೂವಿಗೆ ಜೇನಿನಂಗ ಅಂಟು ರಸ ಸುರಿಸೋ ಎರ್ಗಟ್ ರೋಗ ಬೇಗ ಹತ್ತತೈತಿ, ಅದಕ್ಕ ಶಿಲೀಂಧ್ರದ ಎಣ್ಣಿ, ಸುಳಿ ನೊಣಕ್ಕ ಇನ್ನೊಂದು, ಹೇನಿಗೆ ಮತ್ತೊಂದು. ಎಲ್ಲಾ ಅವರ ಶೆಡ್ಯೂಲ್ ಪ್ರಕಾರ, ಹುಳ ಕಾಣಲಿ ಬಿಡಲಿ. ಜೋಳದಾಗ ಮಕರಂದ ಇಲ್ಲಾಂದ್ರೂ ಪರಾಗಕ್ಕ ಜೇನುಹುಳ ಮುಂಜಾನೆ ಮುಂಜಾನೆ ಬರ್ತಾವ, ತೆನಿ ಮ್ಯಾಲ ಗುಂಯ್ ಅಂತಿರ್ತಾವ. ಹೂ ಬಿಟ್ಟ ಹೊತ್ತಿನ್ಯಾಗ ಎಣ್ಣಿ ಹೊಡದ್ರ ಅವು ಸಾಯ್ತಾವ, ಬಾಜೂಕಿನ ಸೂರ್ಯಕಾಂತಿಗೂ ಕಷ್ಟ ಆಗ್ತೈತಿ. ಈ ಪದ್ಧತಿ ಹಿಡದ್ರೂ ಒಂದು ಮಾತು ಜಗಳಾಡಿ ಬರಸ್ರಿ: ಕೀಟದ ಎಣ್ಣಿ ಹೂವಿನ ಹೊತ್ತಿಗೆ ಬ್ಯಾಡ, ಹೊಡಿಯೂದ ಆದ್ರ ಹುಳ ಎಣಿಸಿ ನೋಡಿ, ಅದೂ ಸಂಜೀಮುಂದ.

200 ಮೀಟರ್ ಅಂತರದಾಗ ಬ್ಯಾರೆ ಜೋಳ ಇರಬಾರದು ಅನ್ನೋ ನಿಯಮ ಇನ್ನೊಂದು. ಬೀಜ ಶುದ್ಧ ಇರಾಕ ಅದು ಬೇಕ ಬೇಕು, ತಪ್ಪಲ್ಲ. ಆದ್ರ ನಮ್ಮಂಥ ಊರಾಗ 200 ಮೀಟರ್ ಅಂದ್ರ ನಾಲ್ಕೈದು ಮನಿತನದ ಹೊಲ. ಸೀತನಿಗೆ (ಹಸಿ ತೆನಿ ಸುಟ್ಟು ತಿನ್ನಾಕ) ಅಂತ ಸಕ್ಕರಿ ಮುಕ್ಕರಿ ಜೋಳ ನಾಲ್ಕು ಸಾಲು, ಪಂಚಮಿಗೆ ಅಳ್ಳಿನ ಜೋಳ ನಾಲ್ಕು ಸಾಲು ಇಡೋ ಮುದುಕರು ಇನ್ನೂ ಅದಾರ, ಅವರಿಗೆ ಈ ವರ್ಷ ಬಿಡ್ರಿ ಅಂತ ಹೇಳಿದ್ರ ಒಂದ ವರ್ಷ ಬಿಟ್ಟ ಬೀಜ ಮರುವರ್ಷ ಹುಡುಕಿದ್ರೂ ಸಿಗೂದಿಲ್ಲ. ನಮ್ಮ ಓಣಿಯಾಗ ಕಡುಬಿನ ಜೋಳ ಹಿಂಗ ಹೋತು. ಬೀಜ ಮಾಡೋರು ನಾಡತಳಿ ಇಟ್ಟೋರ ಜೋಡಿ ಕುಂತು ಮಾತಾಡಿ, ಆ ಬೀಜ ಬ್ಯಾರೆ ದಿಕ್ಕಿನ ಹೊಲದಾಗ ಬೆಳಸಿ ಕೊಡೂದು ಅಂತ ಒಪ್ಪಂದದಾಗ ಸೇರಸಬೇಕು. ಇದಕ್ಕ ಖರ್ಚು ಏನೂ ಆಗೂದಿಲ್ಲ.

ರೊಕ್ಕದ ಅಪಾಯಾನೂ ನೆಲದ ವಿಚಾರಾನ. ಬೀಜದ ಮೊಳಕಿ ನೂರಕ್ಕ 75 ಬರಬೇಕು, ಪರೀಕ್ಷೆ ರಿಪೋರ್ಟ್ ಬಂದ ಮ್ಯಾಲ ಪೇಮೆಂಟ್, ಅಷ್ಟರಾಗ ತಿಂಗಳ ಮ್ಯಾಲ ತಿಂಗಳು. ಪೇಮೆಂಟ್ ತಡ ಆದ್ರ ಸಾಲ ತೀರಸಾಕ ಮುಂದಿನ ವರ್ಷ ಅದ ಹೊಲದಾಗ ಅದ ಬೆಳಿ ಮತ್ತ ಹಾಕ್ತೀವಿ, ಹೊಲಕ್ಕ ಬಿಡುವು ಸಿಗೂದಿಲ್ಲ. ತೆಲಂಗಾಣದ ನಿಜಾಮಾಬಾದ್, ಆರ್ಮೂರ್ ಕಡಿ ಎರ್ರ ಜೊನ್ನ ಅಂತ ಕೆಂಪು ಜೋಳ ಬೆಳೀತಾರ, ಬೀಜದ ವ್ಯಾಪಾರಿಗಳು ಅದನ್ನ ಮೇವಿನ ಬೀಜಕ್ಕ ಅಂತ ಉತ್ತರ ಭಾರತಕ್ಕ ಕಳಸ್ತಾರ. ರೇಟಿನ ಸಲುವಾಗಿ ಅಲ್ಲಿ ರೈತರು ಎಷ್ಟು ಬ್ಯಾಸತ್ತಿದ್ರು ಅಂದ್ರ 2019ರ ಲೋಕಸಭಾ ಚುನಾವಣೆಯೊಳಗ ನಿಜಾಮಾಬಾದ್ ಒಂದ ಕ್ಷೇತ್ರದಾಗ 185 ಮಂದಿ ಕಣದಾಗ ಇದ್ರು, ಅದರಾಗ 170ಕ್ಕಿಂತ ಹೆಚ್ಚು ಅರಿಶಿಣ ಮತ್ತ ಕೆಂಪು ಜೋಳದ ರೈತರು. ಬೋರಿನ ನೀರು ಹಾಕಿ ಬೆಳದು, ಕೊಳ್ಳೋರ ಕೈ ನೋಡಿಕೋತ ಕೂಡೋ ಪರಿಸ್ಥಿತಿ ಅದು.

ನನ್ನ ಅಭಿಪ್ರಾಯ: ಕೆನಾಲಿನ ನೀರು, ಇಲ್ಲಾ ಗಟ್ಟಿ ಬಾವಿ ಇದ್ದು, ಮೊದಲ ಕಬ್ಬೋ ಎರಡು ಬೆಳಿ ಗೋವಿನಜೋಳವೋ ಇದ್ದ ಹೊಲಕ್ಕ ಬೀಜೋತ್ಪಾದನೆ ಪರವಾಗಿಲ್ಲ, ಮೂರು ವರ್ಷಕ್ಕ ಒಂದು ಸಲ. ಇದಕ್ಕ ಅಂತ ಹೊಸ ಬೋರ್ ಹೊಡಸೂದಾದ್ರ ಬ್ಯಾಡ್ರಿ.

ಹಸಿ ಮೇವು, ಸೈಲೇಜ್

ಇದು ನೋಡಾಕ ಸರಳ. 70-80 ದಿನಕ್ಕ ಬೆಳಿ ಖಾಲಿ, ಕಾಳು ಒಕ್ಕೂದಿಲ್ಲ, ಹಕ್ಕಿ ಕಾಯೂದಿಲ್ಲ, ಆಳಿನ ಚಿಂತಿ ಇಲ್ಲ, ಅವರದ ಮಷಿನ್. ಎಣ್ಣಿ ಹೊಡಿಯೂದೂ ಕಡಿಮಿ, ಯಾಕಂದ್ರ ದನ ತಿನ್ನೋದು. ಅದಕ್ಕ ನಾನೂ ಎರಡು ವರ್ಷ ಎರಡು ಎಕರೆ ಕೊಟ್ಟಿದ್ದೆ.

ಆದ್ರ ಲೆಕ್ಕ ಹಾಕಿ ನೋಡ್ರಿ. ಎಕರೆಕ್ಕ 15 ಟನ್ ಹಸಿ ಮೇವು ಹೋತಂದ್ರ ಅದರಾಗ ಒಣ ಅಂಶ ಮೂರೂವರಿ ನಾಲ್ಕು ಟನ್, ಅದರ ಜೋಡಿ ಅಂದಾಜು 40 ಕೆ.ಜಿ. ಸಾರಜನಕ, ಪೊಟ್ಯಾಶ್ ಅಷ್ಟ ಇಲ್ಲಾ ಅದಕ್ಕಿಂತ ಹೆಚ್ಚು. ಕಾಳಿನಾಗ ಹೋದದ್ದು 10 ಕೆ.ಜಿ., ಇಲ್ಲಿ ನಾಲ್ಕು ಪಟ್ಟು, ಅದೂ ಪೂರ್ತಿ ಬ್ಯಾರೆಯವರ ದನದ ಹೊಟ್ಟಿಗೆ, ಸಗಣಿ ಬ್ಯಾರೆಯವರ ತಿಪ್ಪಿಗೆ. ಹೊಲದಾಗ ಉಳಿಯೂದು ಗೇಣುದ್ದದ ಕೂಳಿ. ಎರಡನೇ ವರ್ಷ ಮುಗಿಯೋ ಹೊತ್ತಿಗೆ ನಮ್ಮ ಹೊಲದ ಮಣ್ಣು ಹೆಂಟಿ ಹೆಂಟಿ ಆಗಿ ಒಡಿಯಾಕ ಹತ್ತಲಿಲ್ಲ, ದೊಡ್ಡ ಮಷಿನ್ ಹಸಿ ನೆಲದ ಮ್ಯಾಲ ಓಡಾಡಿ ಗಾಲಿ ಗುರ್ತು ರೆಂಟಿಗೂ ಜಗ್ಗಲಿಲ್ಲ. ನಮ್ಮವ್ವ ಮನ್ಯಾಗಿನ ಎರಡು ಎಮ್ಮಿಗೆ ಮೇವು ಕೊಂಡು ತರೋ ಪರಿಸ್ಥಿತಿ ಬಂತಲ್ಲೋ ಅಂತ ಅತ್ತಳು. ಮೇವು ಬೆಳಿಯೋ ಮನಿಗೆ ಮೇವು ಕೊಳ್ಳೋ ಗತಿ ಬಂತು ಅನ್ನೂದು ನನಗ ಇವತ್ತಿಗೂ ಸಂಕಟ ಕೊಡ್ತೈತಿ.

ಹಂಗಂತ ಪೂರ್ತಿ ಬ್ಯಾಡ ಅನ್ನೂದಿಲ್ಲ. ಕೊಳ್ಳೋರು ಡೈರಿ ಇಟ್ಟೋರ ಆಗಿದ್ರ ಮೇವು ಒಯ್ದ ಗಾಡಿ ಬರೋ ಮುಂದ ಸಗಣಿ ಗೊಬ್ಬರ ತುಂಬ್ಕೊಂಡು ಬರಬೇಕು ಅಂತ ಶರತ್ತು ಹಾಕ್ರಿ, ಇಷ್ಟು ಟನ್ ಮೇವಿಗೆ ಇಷ್ಟು ಟನ್ ಗೊಬ್ಬರ ಅಂತ ಅಂಕಿಲೆ ಬರಸ್ರಿ. ಮೇವಿನ ಜೋಳದ ಜೋಡಿ ಅಲಸಂದಿ ಸಾಲು ಹಾಕಿದ್ರ ಮೇವಿಗೂ ಪ್ರೋಟೀನ್ ಸೇರ್ತೈತಿ, ನೆಲಕ್ಕೂ ಅನುಕೂಲ. ಕಟಾವು ಆದ ಮ್ಯಾಲ ಹಿಂಗಾರಿಗೆ ಕಡ್ಲಿ ಬಿತ್ತಾಕ ತಾರೀಖು ತಪ್ಪದಂಗ ನೋಡ್ಕೊಳ್ರಿ. ಇನ್ನ ಒಂದು ಎಚ್ಚರಿಕೆ, ಮಳಿ ಕೈಕೊಟ್ಟು ಬಾಡಿದ ಎಳೇ ಜೋಳದಾಗ ವಿಷ ಇರ್ತೈತಿ, ಸೈನೈಡ್ ಅದು, ದನ ತಿಂದ್ರ ನಿಂತಲ್ಲೇ ಬೀಳ್ತಾವ. ಕಾಂಟ್ರ್ಯಾಕ್ಟ್‌ನವರು ಬ್ಯಾಡ ಅಂತ ಬಿಟ್ಟು ಹೋದ ಬಾಡಿದ ಬೆಳಿಗೆ ನಿಮ್ಮ ದನ ಹೊಡೀಬ್ಯಾಡ್ರಿ.

ಸಿಹಿ ಜೋಳ, ಎಥೆನಾಲ್‌ಗೆ

ಕಾಂಡದಾಗ ಕಬ್ಬಿನಂಗ ಸಿಹಿ ರಸ ಇರೋ ಜೋಳ. ಹೈದರಾಬಾದ್ ಬಾಜೂಕ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಅನ್ನೋ ಒಣಭೂಮಿ ಬೆಳಿಗಳ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆಯವರು ಇದರ ಮ್ಯಾಲ ಭಾಳ ಕೆಲಸ ಮಾಡ್ಯಾರ, ಅಲ್ಲಿ ಸುತ್ತಲಿನ ರೈತರ ಜೋಡಿ ಡಿಸ್ಟಿಲರಿಗೆ ಕಾಂಡ ಕೊಡೋ ಪದ್ಧತಿನೂ ನಡಸಿದ್ರು. ನಾಲ್ಕು ತಿಂಗಳ ಬೆಳಿ, ಕಬ್ಬು ವರ್ಷ ನಿಲ್ತೈತಿ, ನೀರಿನ ಉಳಿತಾಯ ನೀವ ಲೆಕ್ಕ ಹಾಕ್ರಿ. ಕಷ್ಟ ಇರೂದು ಕೊಯ್ದ ಮ್ಯಾಲ, ಒಂದೆರಡು ದಿನದಾಗ ಗಾಣಕ್ಕ ಹೋಗಲಿಲ್ಲಂದ್ರ ಸಿಹಿ ಇಳೀತೈತಿ, ತೂಕ ಇಳೀತೈತಿ, ರೊಕ್ಕಾನೂ ಇಳೀತೈತಿ. ಫ್ಯಾಕ್ಟರಿ ದೂರ ಇದ್ರ ಮಾತ ಬ್ಯಾಡ. ಕಬ್ಬಿನ ಹೊಲ ಇದ್ದೋರು, ಹತ್ರದಾಗ ಅರಿಯೋ ವ್ಯವಸ್ಥಾ ಇದ್ದೋರು ಯೋಚನೆ ಮಾಡಬಹುದು, ಅರದ ಸಿಪ್ಪಿ ವಾಪಸ್ ಕೊಡ್ತೀರೇನು ಅಂತನೂ ಕೇಳ್ರಿ, ದನ ತಿಂತಾವ. ಬಿಳಿಜೋಳದ ಹೊಲ ತಗದು ಇದಕ್ಕ ಕೊಡಬ್ಯಾಡ್ರಿ, ತಿನ್ನೋ ರೊಟ್ಟಿ ಕೊಟ್ಟು ಗಾಡಿಗೆ ಎಣ್ಣಿ ಹಾಕಿದಂಗ ಅದು.

ಹಂಗಾದ್ರ ಯಾರಿಗೆ ಯಾವುದು

ಮಳಿ ಆಶ್ರಯದ ಆಳವಾದ ಎರಿ ಹೊಲ, ಮನ್ಯಾಗ ಎರಡು ದನ ಇದ್ದೋರು ಕಣ್ಣು ಮುಚ್ಚಿ ಹಿಂಗಾರಿ ಕಾಳಿನ ಒಪ್ಪಂದ ತಗೊಳ್ರಿ. ದನ ಇಲ್ಲದೋರು ಕಣಿಕಿ ಮಾರಬೇಕಾಗ್ತೈತಿ, ಮಾರೂದಾದ್ರ ಊರಾಗ ಮಾರಿ ತಿಪ್ಪಿ ಗೊಬ್ಬರಕ್ಕ ಅದಲು ಬದಲು ಮಾಡ್ಕೊಳ್ರಿ, ಮೊದಲು ಹಂಗ ಇತ್ತು, ನೂರು ಸೂಡು ಕಣಿಕಿಗೆ ಇಷ್ಟು ಚಕ್ಕಡಿ ಗೊಬ್ಬರ ಅಂತ. ನೀರಾವರಿ ಇದ್ದು ಕಬ್ಬು ಬ್ಯಾಡ ಅನಿಸಿದೋರು ಮೇವು, ಗೊಬ್ಬರ ವಾಪಸ್ ಬರೋ ಶರತ್ತಿನ ಮ್ಯಾಲ. ಬೀಜೋತ್ಪಾದನೆ ಅನುಭವ ಇದ್ದೋರಿಗೆ ಅಷ್ಟ.

ಸಿರುಗುಪ್ಪ ಕಡಿ ಮಳಿ ಆಶ್ರಯದ ಕರಿ ಹೊಲಗಳಾಗ ಎರೆಭೂತ ಅಂತ ದೊಡ್ಡ ಹಕ್ಕಿ ಐತಿ, ಕರ್ನಾಟಕದಾಗ ಬೆರಳೆಣಿಕೆಯಷ್ಟ ಉಳದದ್ದು. ಅದು ಬದುಕೂದು ಜೋಳ ಕಡ್ಲಿ ಇರೋ ಬಯಲು ಹೊಲದಾಗ, ನೀರು ನಿಂತ ನೆಲದಾಗ ಅಲ್ಲ. ಆ ಸೀಮಿಯವರು ಒಪ್ಪಂದಕ್ಕ ಕೂಡೂವಾಗ ಇದನ್ನೂ ಒಂದು ಮಾತು ಎತ್ರಿ, ಇಂಥಾ ಹೊಲದ ಜೋಳ ಅಂತ ಹೇಳಿ ಹೆಚ್ಚು ರೇಟಿಗೆ ಮಾರಬಹುದು ಅಂತ ಕೊಳ್ಳೋರಿಗೂ ಗೊತ್ತಾಗಲಿ.

ರೇಟಿನ ವಿಚಾರಕ್ಕ, ಕೇಂದ್ರದ ಬೆಂಬಲ ಬೆಲೆ 2025-26ಕ್ಕ ಮಾಲದಂಡಿಗೆ ಕ್ವಿಂಟಲ್‌ಗೆ 3749 ರೂಪಾಯಿ, ಹೈಬ್ರಿಡ್‌ಗೆ 3699 ಇತ್ತು. ಪೇಪರಿನ್ಯಾಗ ಬೆಂಬಲ ಬೆಲೆ ಇಲ್ಲಾ ಕೊಯ್ಲಿನ ಹೊತ್ತಿನ ಮಾರ್ಕೆಟ್ ರೇಟ್, ಯಾವುದು ಹೆಚ್ಚೋ ಅದು, ಅದರ ಮ್ಯಾಲ ಇಷ್ಟು ಅಂತ ಬರಸ್ರಿ, ಬರೀ ನಿಂತ ರೇಟ್ ಬ್ಯಾಡ. ಸಾವಯವ ಪ್ರೀಮಿಯಂ ಕೊಡ್ತೀವಿ ಅಂದ್ರ ಪ್ರಮಾಣಪತ್ರದ ಖರ್ಚು ಯಾರದು, ಪರಿವರ್ತನೆ ಆಗೋ ಮೊದಲ ಎರಡು ಮೂರು ವರ್ಷ ಯಾವ ರೇಟ್ ಅಂತ ಕೇಳ್ರಿ, ಆ ವರ್ಷಗಳಾಗ ರೈತ ಬೀಳೂದು. ಕೇಂದ್ರದ 2020ರ ಕಾಂಟ್ರ್ಯಾಕ್ಟ್ ಕಾಯ್ದೆ 2021ರ ಕೊನೀಗೆ ವಾಪಸ್ ಆತು, ಅದಕ್ಕ ಯಾರಾದ್ರೂ ಆ ಕಾಯ್ದೆ ಹೆಸರು ಬರದ ಹಳೇ ಫಾರ್ಮ್ ತಂದ್ರ ಸಹಿ ಹಾಕಬ್ಯಾಡ್ರಿ. ಕನ್ನಡದಾಗ ಪೇಪರ್ ಕೊಡ್ರಿ ಅನ್ರಿ, ಒಂದು ಪ್ರತಿ ನಿಮ್ಮ ಹತ್ರ ಇರ್ಲಿ.

ನಮ್ಮ ಊರಿಗೆ ಬಂದೋರ ಪೈಕಿ ರೊಟ್ಟಿ ಘಟಕದವರ ಪೇಪರಿಗೆ ನಾ ನಾಲ್ಕು ಎಕರೆ ಒಪ್ಪೀನಿ. ಕಣಿಕಿ ನಂದು, ಅಕ್ಕಡಿ ಕುಸುಬಿ ಆರು ಸಾಲಿಗೆ ಒಂದು, ಬೀಜ ಮನೀದು, ಕಿಟ್ ಇಲ್ಲ, ಈ ನಾಲ್ಕೂ ಪೆನ್ನಿಲೆ ಬರಸಿ ಸಹಿ ಹಾಕಿಸೀನಿ. ಚೌಕಮಡಿ ರೊಕ್ಕಕ್ಕ ಇನ್ನೂ ಹೂಂ ಅಂದಿಲ್ಲ, ಮತ್ತ ಬರ್ತೀವಿ ಅಂದಾರ, ಅಷ್ಟರಾಗ ನಾ ಕೆಳಗಿನ ಹೊಲದಾಗ ಮಡಿ ಹಾಕಿ ಮುಗಸೀನಿ, ಯಾಕಂದ್ರ ಉತ್ತರಿ ಮಳಿ ಅವರ ಸಲುವಾಗಿ ಕಾಯೂದಿಲ್ಲ.